ರುಮಾಲೆ ಚನ್ನಬಸವಯ್ಯನವರ ನಿಸರ್ಗಚಿತ್ರಗಳಲ್ಲಿ ಋತು ಮತ್ತು ಬೆಳಕು

ಆಧುನಿಕ ಕರ್ನಾಟಕದ ಚಿತ್ರಕಲೆಯಲ್ಲಿ ನಿಸರ್ಗಚಿತ್ರಕ್ಕೆ ದೀರ್ಘ ಪರಂಪರೆಯಿದ್ದರೂ ಅದನ್ನು ಕುರಿತ ವಿಮರ್ಶೆ ಅಷ್ಟಾಗಿ ಬೆಳೆದಿಲ್ಲ. ಕಲಾಶಾಲೆಯ ಅಭ್ಯಾಸವೆಂದೋ ಗೋಡೆಗೊಪ್ಪುವ ಅಲಂಕಾರವೆಂದೋ ಅದನ್ನು ಬದಿಗಿರಿಸುವುದು ರೂಢಿ. ಈ ಉದಾಸೀನಕ್ಕೆ ಒಳಗಾದವರಲ್ಲಿ ರುಮಾಲೆ ಚನ್ನಬಸವಯ್ಯನವರು (1910–1988) ಪ್ರಮುಖರು. ಅವರನ್ನು ಮೆಚ್ಚಿದವರೂ ವ್ಯಾನ್ ಗೋ ಜೊತೆಗಿನ ಹೋಲಿಕೆಯಲ್ಲಿ ಅಥವಾ ಕಳೆದುಹೋದ ಉದ್ಯಾನನಗರಿಯ ಹಂಬಲದಲ್ಲಿ ಮಾತು ಮುಗಿಸುತ್ತಾರೆ. ರುಮಾಲೆಯವರ ಚಿತ್ರಗಳ ನಿಜವಾದ ವಸ್ತು ಸ್ಥಳವಲ್ಲ, ಋತು ಎಂಬುದನ್ನು ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ದೊಡ್ಡಬಳ್ಳಾಪುರದಲ್ಲಿ ಜನಿಸಿದ ರುಮಾಲೆಯವರು ಎ. ಎನ್. ಸುಬ್ಬರಾಯರು ಬೆಂಗಳೂರಿನಲ್ಲಿ 1919ರಲ್ಲಿ ಸ್ಥಾಪಿಸಿದ ಕಲಾಮಂದಿರದಲ್ಲಿಯೂ ಮೈಸೂರಿನಲ್ಲಿಯೂ ಚಿತ್ರಕಲೆಯನ್ನು ಅಭ್ಯಸಿಸಿದರು. ಸ್ವಾತಂತ್ರ್ಯ ಚಳವಳಿ ಅವರನ್ನು ಕುಂಚದಿಂದ ದೂರ ಒಯ್ದಿತು. ಸೇವಾದಳದ ಕಾರ್ಯಕರ್ತರಾಗಿ, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿ ದುಡಿದ ಅವರು 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಪೂರ್ಣಾವಧಿಯಾಗಿ ಚಿತ್ರರಚನೆಗೆ ಮರಳಿದರು. ಅವರ ಕೃತಿಗಳನ್ನು ಕಾಪಾಡಿಕೊಂಡು ಬಂದ ಮನೆ ಇರುವುದು 1949ರಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡ ರಾಜಾಜಿನಗರದಲ್ಲಿ ಎಂಬುದು ಗಮನಾರ್ಹ.

ಅವರ ಬೆಂಗಳೂರು ಚಿತ್ರಗಳ ನಾಯಕ ಸ್ಥಾನ ಹೂಬಿಟ್ಟ ಮರಗಳದು. ಇಲ್ಲೊಂದು ಐತಿಹಾಸಿಕ ಸಂಗತಿಯನ್ನು ನೆನೆಯಬೇಕು. ಲಾಲ್‌ಬಾಗ್‌ನ ಮುಖ್ಯಸ್ಥರಾಗಿದ್ದ ಜರ್ಮನ್ ಸಸ್ಯತಜ್ಞ ಜಿ. ಎಚ್. ಕ್ರುಂಬಿಗಲ್, ವರ್ಷದುದ್ದಕ್ಕೂ ಒಂದಲ್ಲ ಒಂದು ಮರ ಹೂಬಿಡುವಂತೆ ನಗರದ ಸಾಲುಮರಗಳನ್ನು ಯೋಜಿಸಿದರು. ವರ್ಷದ ಆರಂಭದ ತಿಂಗಳುಗಳಲ್ಲಿ ನೀಲಿ ಜಕರಾಂಡ, ಹಳದಿ ಟಬೂಬಿಯ; ಬೇಸಿಗೆ ಬಲಿತಾಗ ಕೆಂಪು ಗುಲ್‌ಮೊಹರ್. ರುಮಾಲೆಯವರ ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಇದೇ ಪಂಚಾಂಗ ಬಣ್ಣದಲ್ಲಿ ತೆರೆದುಕೊಳ್ಳುತ್ತದೆ. ದಕ್ಷಿಣ ಅಮೆರಿಕ, ಮಡಗಾಸ್ಕರ್‌ಗಳಿಂದ ಬಂದ ಈ ಮರಗಳನ್ನು ಖಾದಿ ತೊಟ್ಟ ರಾಷ್ಟ್ರೀಯವಾದಿಯೊಬ್ಬರು ಪರಕೀಯವೆಂದು ಭಾವಿಸಲಿಲ್ಲ. ಈ ನೆಲದ ಬಿಸಿಲಿನಲ್ಲಿ ಅರಳಿದ್ದು ಈ ನೆಲದ್ದೇ ಎಂಬ ನಿಲುವು ಅಲ್ಲಿದೆ.

ತಂತ್ರದಲ್ಲಿಯೂ ಋತುವಿನದೇ ಒತ್ತಾಯ. ಅವರು ಸ್ಥಳದಲ್ಲಿಯೇ ಕುಳಿತು ಬರೆಯುವವರು. ನೀರು ತುಂಬಿದ ಕುಂಚದಿಂದ ಅಗಲವಾಗಿ ಬಣ್ಣ ಹರಿಸುವುದು ಜಲವರ್ಣದ ಪರಿಚಿತ ಕ್ರಮ. ರುಮಾಲೆಯವರದು ಸಣ್ಣ ಸಣ್ಣ ಕುಂಚಸ್ಪರ್ಶಗಳನ್ನು ಒತ್ತೊತ್ತಾಗಿ ಕೂಡಿಸುವ ಕ್ರಮ. ತೈಲವರ್ಣದಲ್ಲಿ ಅದೇ ಸ್ಪರ್ಶ ದಪ್ಪನಾಗಿ ಮೇಲೇಳುತ್ತದೆ. ನೆರಳು ಕಪ್ಪಾಗದೆ ನೇರಳೆಗೂ ನೀಲಿಗೂ ತಿರುಗುತ್ತದೆ. ವ್ಯಾನ್ ಗೋನ ಹೋಲಿಕೆ ಸಡಿಲವಾಗುವುದು ಇಲ್ಲಿಯೇ: ಆತನ ಗೆರೆಯಲ್ಲಿ ಮನಸ್ಸಿನ ತಳಮಳ ಸುಳಿಯಾದರೆ, ಇವರ ಸ್ಪರ್ಶದಲ್ಲಿ ನೂಲುವವನ ತಾಳ್ಮೆಯಿದೆ.

ಸಮಕಾಲೀನರಾದ ಕೆ. ಕೆ. ಹೆಬ್ಬಾರರೊಡನೆ ಹೋಲಿಸಿದರೆ ಈ ವೈಶಿಷ್ಟ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಹೆಬ್ಬಾರರಿಗೆ ಕರಾವಳಿಯು ಮನುಷ್ಯರ ದುಡಿಮೆ, ಕುಣಿತಗಳ ಮೂಲಕ ಒದಗುತ್ತದೆ. ಅವರ ಶಕ್ತಿ ರೇಖೆಯಲ್ಲಿದೆ. ರುಮಾಲೆಯವರಲ್ಲಿ ಮನುಷ್ಯ ಮರದ ಬುಡದ ಪುಟ್ಟ ಬಣ್ಣದ ಚುಕ್ಕೆ. ಇದು ಉಪೇಕ್ಷೆಯಲ್ಲ, ಪ್ರಮಾಣದ ತಿಳಿವಳಿಕೆ.

ಮಿತಿಗಳೂ ಇವೆ. ಹೂವಿನ ಮಾಸಗಳ ಸಂಭ್ರಮದ ಮುಂದೆ ಬೋಳು ಕೊಂಬೆ, ಒಣನೆಲ, ಮೋಡ ಕವಿದ ಮಂಕು ಹಗಲುಗಳು ಹಿಂದೆ ಸರಿಯುತ್ತವೆ. ಕೆಲವೆಡೆ ಉಜ್ವಲ ಬಣ್ಣವೇ ಅಭ್ಯಾಸವಾಗಿ, ನೋಟದ ಹೊಸತನ ತಗ್ಗುತ್ತದೆ.

ರಸ್ತೆ ವಿಸ್ತರಣೆಗೆ ಸಾಲುಮರಗಳು ಉರುಳಿದಂತೆಲ್ಲ ಈ ಚಿತ್ರಗಳನ್ನು ದಾಖಲೆಗಳೆಂದು ಓದುವ ಒಲವು ಹೆಚ್ಚಿದೆ. ಆ ಓದು ಸಹಜ, ಆದರೆ ಅಪೂರ್ಣ. ದಾಖಲೆ ಗತಿಸಿದ್ದನ್ನು ಹೇಳುತ್ತದೆ. ಋತು ಮರಳಿ ಬರುವಂಥದು. ಉಳಿದ ಮರಗಳು ಇಂದಿಗೂ ತಮ್ಮ ಕಾಲಕ್ಕೆ ಅರಳುತ್ತಿರುವಾಗ, ಅವುಗಳನ್ನು ನೋಡುವ ಕ್ರಮವನ್ನು ಕಲಿಸುವುದೇ ರುಮಾಲೆಯವರ ಕೃತಿಗಳ ಸಾರ್ಥಕತೆ. ಕಳೆದುದರ ಶೋಕಕ್ಕಿಂತ ಇರುವುದರ ಹೊಣೆಯನ್ನು ಅವು ನೆನಪಿಸುತ್ತವೆ.