ಮ್ಯಾಸ್ಟೊಡಾನ್: ಒಡೆಯನಿಲ್ಲದ ಕೂಟದ ಹೊಣೆ

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯು ಶಾಸ್ತ್ರದಾನದ ಮರ್ಮವನ್ನು ಅರಿತಿದ್ದಳು: ಹಲವೆಡೆ ಹಂಚಿದ ಅರಿವು ಉಳಿಯುತ್ತದೆ. 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಹೊರತಂದ ಮ್ಯಾಸ್ಟೊಡಾನ್ ಎಂಬ ಅಂತರ್ಜಾಲ ವ್ಯವಸ್ಥೆಯೂ ಇದೇ ದಾರಿಯದು. ಅದರ ತಂತ್ರಾಂಶವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದು. ತಮ್ಮದೇ ಸರ್ವರನ್ನು ನಡೆಸಿ ಇತರ ಸರ್ವರುಗಳ ಸದಸ್ಯರೊಡನೆ ಸಂವಾದಿಸಬಹುದು. ಇಡೀ ಕೂಟಕ್ಕೆ ಒಬ್ಬ ಒಡೆಯನಿಲ್ಲ. ಅಪರಿಗ್ರಹಕ್ಕೆ ಇದು ಸಮೀಪವಾದುದು.

ಆದರೆ ನ್ಯೂನತೆಯೂ ಉಂಟು. ಸರ್ವರನ್ನು ಬದಲಿಸುವ ಸದಸ್ಯನು ತನ್ನ ಅನುಯಾಯಿಗಳನ್ನು ಕರೆದೊಯ್ಯಬಲ್ಲನು. ಹಳೆಯ ಬರಹಗಳನ್ನು ಹೊಸ ಸರ್ವರಿಗೆ ಸಾಗಿಸಲಾರನು. ನಡೆಸುವವನು ಕೈಬಿಟ್ಟರೆ ಸರ್ವರೇ ಮುಚ್ಚಿಹೋಗುತ್ತದೆ. ಒಡೆತನವನ್ನು ತೊರೆಯುವುದು ಅಪರಿಗ್ರಹ. ಹೊಣೆಯನ್ನು ತೊರೆಯುವುದು ಪ್ರಮಾದ. ಬಸದಿಯ ಟ್ರಸ್ಟುಗಳು ಈ ಕೂಟವನ್ನು ಸೇರುವುದಾದರೆ, ಸರ್ವರಿನ ವಾರ್ಷಿಕ ವೆಚ್ಚವನ್ನು ಮೊದಲೇ ಲೆಕ್ಕಪುಸ್ತಕದಲ್ಲಿ ಬರೆದಿಡಲಿ. ಬರಹಗಳ ಪ್ರತಿಗಳನ್ನು ಕಾಪಿಡುವ ಕೆಲಸವನ್ನೂ ಒಬ್ಬರಿಗೆ ಒಪ್ಪಿಸಲಿ.