ಹೃದಯ ಶಸ್ತ್ರಚಿಕಿತ್ಸೆಯ ಬಳಿಕ: ಮಲಗಬೇಕೆ, ಏಳಬೇಕೆ?

ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ನೋಡಲು ಹೋದವರೆಲ್ಲ ಹೇಳುವ ಮಾತು ಒಂದೇ: 'ಆರಾಮವಾಗಿ ಮಲಗಿಕೊಂಡಿರಿ, ಏಳಬೇಡಿ.' ಈ ಮಾತಿನ ಹಿಂದೆ ಕಾಳಜಿ ಇದೆ, ವಿಜ್ಞಾನ ಇದೆಯೆ? ಇದಕ್ಕೆ ವಿರುದ್ಧವಾಗಿ 'ಎಷ್ಟು ಬೇಗ ಎಬ್ಬಿಸಿದರೆ ಅಷ್ಟು ಒಳ್ಳೆಯದು' ಎಂಬ ಮಾತೂ ಈಗ ಬಳಕೆಯಲ್ಲಿದೆ. ಎರಡನ್ನೂ ಪುರಾವೆಯ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಇರಿಸಲಾಗುತ್ತಿತ್ತು. 1947ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ಅವರು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಹಾಸಿಗೆ ಹಿಡಿಸುವುದರ ಅಪಾಯಗಳನ್ನು ವಿವರಿಸಿದರು. ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಶ್ವಾಸಕೋಶದ ಸೋಂಕು, ಸ್ನಾಯುಗಳು ಸೊರಗುವುದು ಇವುಗಳಲ್ಲಿ ಮುಖ್ಯವಾದವು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಅವರು ಹೃದಯಾಘಾತವಾದ 81 ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಚಿಕಿತ್ಸೆ ನೀಡಿದ ವರದಿಯನ್ನು ಪ್ರಕಟಿಸಿದರು. ಇವು ಹಳೆಯ ನಂಬಿಕೆಯನ್ನು ಅಲುಗಾಡಿಸಿದ ಬರಹಗಳು. ಆದರೆ ಮೊದಲನೆಯದು ಅನುಭವಿ ವೈದ್ಯರೊಬ್ಬರ ವಾದ. ಎರಡನೆಯದರಲ್ಲಿ ಹೋಲಿಕೆಗಾಗಿ ಚೀಟಿ ಎತ್ತಿದಂತೆ ಆರಿಸಿದ ಇನ್ನೊಂದು ಗುಂಪು ಇರಲಿಲ್ಲ.

ಅಳತೆಯ ಪುರಾವೆಯೊಂದು 1966ರಲ್ಲಿ ದೊರೆಯಿತು. ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಇರಿಸಿ ಪರೀಕ್ಷಿಸಲಾಯಿತು. ದೇಹವು ಗರಿಷ್ಠ ಶ್ರಮದಲ್ಲಿ ಬಳಸಬಲ್ಲ ಆಕ್ಸಿಜನ್ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. 30 ವರ್ಷಗಳ ನಂತರ, 1996ರಲ್ಲಿ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ವಯಸ್ಸಿನಿಂದ ಆದ ಇಳಿಕೆಯು ಆ ಮೂರು ವಾರಗಳ ಇಳಿಕೆಗಿಂತ ಕಡಿಮೆಯಿತ್ತು! ಐವರ ಅಧ್ಯಯನ ಚಿಕ್ಕದೇ. ಆದರೂ ವಿಶ್ರಾಂತಿಯೂ ಔಷಧದಂತೆ ಅಡ್ಡಪರಿಣಾಮ ಉಳ್ಳದ್ದು ಎಂಬುದನ್ನು ಅದು ಸ್ಪಷ್ಟಪಡಿಸಿತು.

ದೇಹದ ಭಂಗಿಯೂ ಮುಖ್ಯ. ಅಂಗಾತ ಮಲಗಿದಾಗ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ಒತ್ತುತ್ತವೆ. ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆಯಾಗುತ್ತದೆ. ಎದೆಯ ಗಾಯದ ನೋವಿನಿಂದ ರೋಗಿ ದೀರ್ಘವಾಗಿ ಉಸಿರೆಳೆಯುವುದಿಲ್ಲ. ಪರಿಣಾಮವಾಗಿ ಶ್ವಾಸಕೋಶದ ತಳಭಾಗದ ಗಾಳಿಗೂಡುಗಳು ಮುದುಡಿಕೊಳ್ಳುತ್ತವೆ. ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸುವುದು ಮತ್ತು ರೋಗಿಯನ್ನು ಕುರ್ಚಿಯಲ್ಲಿ ಕೂರಿಸುವುದು ಇದಕ್ಕಾಗಿಯೇ. ಹಾಗೆಂದು ಒಮ್ಮೆಗೇ ಎಬ್ಬಿಸಿ ನಿಲ್ಲಿಸುವಂತಿಲ್ಲ. ನಿಂತಾಗ ಸುಮಾರು ಅರ್ಧ ಲೀಟರಿಗೂ ಮಿಕ್ಕಿದ ರಕ್ತ ದೇಹದ ಕೆಳಭಾಗಕ್ಕೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ನಾಡಿಬಡಿತ ಹೆಚ್ಚಿ, ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯಾದವರಲ್ಲಿ ರಕ್ತನಷ್ಟ ಹಾಗೂ ಔಷಧಗಳಿಂದ ಈ ಹೊಂದಾಣಿಕೆ ದುರ್ಬಲವಾಗಿರಬಹುದು, ತಲೆಸುತ್ತಿ ಬೀಳಬಹುದು. ಆದ್ದರಿಂದಲೇ ಹಾಸಿಗೆಯ ಅಂಚು, ಕುರ್ಚಿ, ನಿಲ್ಲುವುದು, ನಡೆಯುವುದು ಎಂಬ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿನಲ್ಲೂ ನಾಡಿ, ರಕ್ತದೊತ್ತಡ, ಆಕ್ಸಿಜನ್ ಮಟ್ಟದ ಪರಿಶೀಲನೆ.

ಇನ್ನು ಎದೆಮೂಳೆಯ ವಿಚಾರ. ಅದನ್ನು ಉದ್ದಕ್ಕೆ ಸೀಳಿ, ಕೊನೆಗೆ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಮೂಳೆ ಕೂಡುವವರೆಗೆ, ಅಂದರೆ ಎರಡು ಮೂರು ತಿಂಗಳು, ಭಾರ ಎತ್ತಬಾರದು, ಕೈಯೂರಿ ಏಳಬಾರದು ಎಂಬುದು ರೂಢಿಯ ನಿಯಮ. ಆದರೆ ಕೆಮ್ಮಿದಾಗ ಎದೆಮೂಳೆಯ ಮೇಲೆ ಬೀಳುವ ಬಲ, ಹಗುರ ವಸ್ತುವನ್ನು ಎತ್ತುವಾಗಿನ ಬಲಕ್ಕಿಂತ ಹೆಚ್ಚು. ಕೆಮ್ಮನ್ನು ಮಾತ್ರ ವೈದ್ಯರೇ ಪ್ರೋತ್ಸಾಹಿಸುತ್ತಾರೆ. 2018ರಲ್ಲಿ ಪ್ರಕಟವಾದ ಮೆಲ್ಬರ್ನ್‌ನ ಪ್ರಯೋಗವೊಂದರಲ್ಲಿ 72 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಟ್ಟುನಿಟ್ಟಿನ ನಿಯಮವನ್ನೂ ಇನ್ನೊಂದಕ್ಕೆ ನೋವಿನ ಮಿತಿಯೊಳಗೆ ಕೈ ಬಳಸುವ ಅನುಮತಿಯನ್ನೂ ನೀಡಲಾಯಿತು. ಚೇತರಿಕೆ, ನೋವು ಎರಡರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಎಚ್ಚರ ಬೇಕು. ಎದೆಮೂಳೆ ಬಿಟ್ಟುಕೊಳ್ಳುವುದು ವಿರಳವಾದ ತೊಡಕು. ಇಷ್ಟು ಚಿಕ್ಕ ಪ್ರಯೋಗದಿಂದ ಸುರಕ್ಷತೆಯನ್ನು ಸಾಧಿಸಿ ತೋರಿಸಲಾಗದು. 'ವ್ಯತ್ಯಾಸ ಕಾಣಲಿಲ್ಲ' ಎಂಬುದು 'ವ್ಯತ್ಯಾಸವಿಲ್ಲ' ಎಂದಂತಲ್ಲ.

'ಬೇಗ ಎಬ್ಬಿಸಿದಷ್ಟೂ ಒಳ್ಳೆಯದು' ಎಂಬ ಮಾತಿಗೂ ಬೇರೆ ರೋಗಿಗಳ ಅಧ್ಯಯನಗಳಿಂದ ಎಚ್ಚರಿಕೆ ಬಂದಿದೆ. 2015ರಲ್ಲಿ ಪ್ರಕಟವಾದ, 2104 ಪಾರ್ಶ್ವವಾಯು ರೋಗಿಗಳ ಪ್ರಯೋಗದಲ್ಲಿ 24 ಗಂಟೆಯೊಳಗೆ ಎಬ್ಬಿಸಿ ಹೆಚ್ಚು ಚಲನೆ ಮಾಡಿಸಿದ ಗುಂಪಿನಲ್ಲಿ ಶೇ. 46 ಮಂದಿ ಚೆನ್ನಾಗಿ ಚೇತರಿಸಿಕೊಂಡರೆ, ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇ. 50. 2022ರಲ್ಲಿ ಪ್ರಕಟವಾದ, ಕೃತಕ ಉಸಿರಾಟದಲ್ಲಿದ್ದ 750 ಮಂದಿಯ ಪ್ರಯೋಗದಲ್ಲೂ ಹೆಚ್ಚಿನ ಚಲನೆಯಿಂದ ಲಾಭ ಕಾಣಲಿಲ್ಲ. ಅಹಿತಕರ ಘಟನೆಗಳು ಮಾತ್ರ ಹೆಚ್ಚಿದವು. ಇವರು ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲವಾದ್ದರಿಂದ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು. ಆದರೆ ಚಲನೆಗೂ ಪ್ರಮಾಣವಿದೆ ಎಂಬ ಪಾಠ ಸ್ಪಷ್ಟ.

ಹೀಗೆ 'ಏಳಬೇಡಿ' ಎಂಬುದೂ 'ಬೇಗ ಏಳಿ' ಎಂಬುದೂ ಅರ್ಧ ಸತ್ಯಗಳು. ಯಾರಿಗೆ, ಯಾವಾಗ, ಎಷ್ಟು, ಯಾವ ಅಳತೆ ನೋಡಿಕೊಂಡು ಎಂದು ಕೇಳುವುದೇ ಸರಿಯಾದ ಪ್ರಶ್ನೆ. ರೋಗಿಯ ಮಟ್ಟಿಗೆ ಅದಕ್ಕೆ ಉತ್ತರಿಸಬೇಕಾದವರು ಅವರ ವೈದ್ಯರು ಮತ್ತು ಭೌತಚಿಕಿತ್ಸಕರು. ಲೇಖನ ಓದಿ ನಿಯಮ ಬದಲಿಸಿಕೊಳ್ಳುವುದು ಸಲ್ಲದು. ತರಗತಿಯಲ್ಲಿ ಶಿಕ್ಷಕರು ಒಂದು ಸರಳ ಪ್ರಯೋಗ ಮಾಡಿಸಬಹುದು: ಆರೋಗ್ಯವಂತ ವಿದ್ಯಾರ್ಥಿಯೊಬ್ಬ ಐದು ನಿಮಿಷ ಮಲಗಿದಾಗ, ಕುಳಿತಾಗ, ನಿಂತಾಗ ನಾಡಿಬಡಿತವನ್ನು ಎಣಿಸಿ ಬರೆದುಕೊಳ್ಳಲಿ. ಬರೀ ಎದ್ದು ನಿಲ್ಲುವುದೂ ಹೃದಯಕ್ಕೆ ಒಂದು ಕೆಲಸವೇ ಎಂಬುದು ಆ ಅಂಕಿಗಳಿಂದಲೇ ತಿಳಿಯುತ್ತದೆ.