ಬಂಧುಗಳ ಮನೆಯಲ್ಲಿ ಓದು

ಓದಲೆಂದು ಊರು ಬಿಟ್ಟ ಹುಡುಗನೋ ಹುಡುಗಿಯೋ ಸೋದರಮಾವನ, ಚಿಕ್ಕಮ್ಮನ ಇಲ್ಲವೇ ಊರಿನ ಪರಿಚಯಸ್ಥರ ಮನೆಯಲ್ಲಿದ್ದು ಕಾಲೇಜಿಗೆ ಹೋಗುವುದು ಮುಂಬಯಿ ಸುತ್ತಲಿನ ಕನ್ನಡಿಗರಲ್ಲಿ ಬಹುಕಾಲದ ರೂಢಿ. ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳು ಠಾಣೆ, ಡೊಂಬಿವಲಿ, ಕಲ್ಯಾಣ, ಉಲ್ಹಾಸನಗರಗಳಲ್ಲಿ ನೆಲೆನಿಂತ ಮೇಲೆ ಅವರ ಮನೆಗಳು ಊರಿನ ಮಕ್ಕಳಿಗೆ ನಗರದ ಹೊಸ್ತಿಲಾದವು. ಪೇಯಿಂಗ್ ಗೆಸ್ಟ್ ಕೋಣೆಗಳು ಹೆಚ್ಚಿರುವ ಈ ಕಾಲದಲ್ಲೂ ರೂಢಿ ಅಳಿದಿಲ್ಲ. ಅದರ ಗುಣವನ್ನೂ ಕೊರತೆಯನ್ನೂ ಒಟ್ಟಿಗೆ ತೂಗಿ ನೋಡಬೇಕಾಗಿದೆ.

ಕನ್ನಡ ನಾಡಿನಲ್ಲಿ ಇದರ ಹಳೆಯ ರೂಪ ವಾರಾನ್ನ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದು ಮುಗಿಸಿದವರು ಅನೇಕ. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಆ ಬದುಕಿನ ವಿವರಗಳಿವೆ. ಇನ್ನೊಂದು ರೂಪ ವಿಶ್ವೇಶ್ವರಯ್ಯನವರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವರು ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಅಲ್ಲಿಯೇ ವಸತಿ ಪಡೆದಿದ್ದರು, 1881ರಲ್ಲಿ ಬಿ.ಎ. ಮುಗಿಸಿದರು. ವಾರಾನ್ನದ ಹುಡುಗ ಉಣ್ಣುತ್ತಿದ್ದುದು ಮನೆಯವರ ದಯೆಯ ಅನ್ನ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಪಾಠ ಹೇಳಿ ಪಡೆದ ವಸತಿಯಲ್ಲಿ ಕೊಡುವುದೇನು, ಪಡೆಯುವುದೇನು ಎಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು.

ವಾರಾನ್ನದ ಬಾಗಿಲು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗಷ್ಟೇ ತೆರೆದಿತ್ತು. ಮಿಕ್ಕ ಜಾತಿಗಳ ಮಕ್ಕಳಿಗೆ ದಾರಿಯಾದದ್ದು ವಿದ್ಯಾರ್ಥಿನಿಲಯಗಳು. ಕರ್ನಾಟಕದಲ್ಲಿ ಸಿದ್ಧಗಂಗೆಯಂಥ ಮಠಗಳು ಅನ್ನ, ವಸತಿ, ವಿದ್ಯೆ ಮೂರನ್ನೂ ಕೊಟ್ಟವು. ಮಹಾರಾಷ್ಟ್ರದಲ್ಲಿ ಭಾವೂರಾವ್ ಪಾಟೀಲರು 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಸತಿಗೃಹ ತೆರೆದರು. ಬಂಧುಗಳ ಮನೆಯ ರೂಢಿಗೂ ವಾರಾನ್ನದ ಮಿತಿಯೇ ಬೇರೊಂದು ಬಗೆಯಲ್ಲಿದೆ: ನಗರದಲ್ಲಿ ಮೊದಲೇ ನೆಲೆ ಕಂಡ ನೆಂಟರಿದ್ದವರಿಗೆ ಮಾತ್ರ ಅದು ಒದಗುತ್ತದೆ.

ಹಾಗೆ ನೆಂಟರು ನೆಲೆ ಕಂಡ ಊರುಗಳಲ್ಲಿ ಉಲ್ಹಾಸನಗರವಂತೂ ಹೊರಗಿನಿಂದ ಬಂದವರೇ ಕಟ್ಟಿದ್ದು. ಎರಡನೇ ಮಹಾಯುದ್ಧದ ಕಾಲದ ಸೇನಾ ಶಿಬಿರದಲ್ಲಿ ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆಸಿದರು. 1949ರಲ್ಲಿ ಉಲ್ಹಾಸ ನದಿಯ ಹೆಸರು ಊರಿಗೆ ಬಂತು. ಒಂದರಿಂದ ಐದರವರೆಗಿನ ಕ್ಯಾಂಪ್ ನಂಬರುಗಳಲ್ಲೇ ಇಂದಿಗೂ ವಿಳಾಸ ಹೇಳುತ್ತಾರೆ. ನೆಲೆ ಕಳೆದುಕೊಂಡ ಆ ಜನ ಶಿಕ್ಷಣಸಂಸ್ಥೆಗಳನ್ನೂ ಕಟ್ಟಿದರು. 1965ರಲ್ಲಿ ಆರಂಭವಾದ ಸಿ.ಎಚ್.ಎಂ. ಕಾಲೇಜು ಅವುಗಳಲ್ಲೊಂದು. ಇಂಥ ಊರಿಗೆ ಬಂದ ಕನ್ನಡದ ವಿದ್ಯಾರ್ಥಿ ಮನೆಯೊಳಗೆ ಕನ್ನಡ ಅಥವಾ ತುಳು, ಅಂಗಡಿಯಲ್ಲಿ ಹಿಂದಿ, ಸಿಂಧಿ, ಕಚೇರಿಯಲ್ಲಿ ಮರಾಠಿ ಕೇಳುತ್ತ ಬೆಳೆಯುತ್ತಾನೆ.

ಬಂಧುಗಳ ಮನೆಯ ದೊಡ್ಡ ಗುಣ ಮೊದಲ ಕೆಲವು ತಿಂಗಳುಗಳಲ್ಲಿ ಕಾಣುತ್ತದೆ. ಪಿಯುಸಿ ಮುಗಿಸಿ ಬಂದವರು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಲು ಮೈಗ್ರೇಷನ್ ಸರ್ಟಿಫಿಕೇಟಿನಂಥ ಕಾಗದಗಳನ್ನು ಹೊಂದಿಸಬೇಕು. ಆ ಓಡಾಟಕ್ಕೆ ತಿಳಿದವರ ಜೊತೆ ಬೇಕು. ಕಲ್ಯಾಣದಲ್ಲಿ ರೈಲುಮಾರ್ಗ ಕವಲೊಡೆಯುತ್ತದೆ: ವಿಠ್ಠಲವಾಡಿ, ಉಲ್ಹಾಸನಗರ ಕರ್ಜತ್ ಕಡೆಗೆ, ಶಹಾಡ್ ಕಸಾರಾ ಕಡೆಗೆ. ಯಾವ ಲೋಕಲ್ ಹಿಡಿಯಬೇಕು, ರಿಯಾಯಿತಿ ಪಾಸ್ ಹೇಗೆ ಮಾಡಿಸಬೇಕು, ಕಲ್ಯಾಣದಿಂದ ಸಿಎಸ್‌ಎಂಟಿವರೆಗಿನ 54 ಕಿಲೋಮೀಟರನ್ನು ಜನಸಂದಣಿಯಲ್ಲಿ ನಿತ್ಯ ಹೇಗೆ ಕ್ರಮಿಸಬೇಕು ಎಂಬುದನ್ನು ಮನೆಯವರು ಕಲಿಸುವಷ್ಟು ಚೆನ್ನಾಗಿ ಬೇರಾರೂ ಕಲಿಸಲಾರರು. ಜ್ವರ ಬಂದರೆ ಗಂಜಿ ಕೊಡುವವರಿದ್ದಾರೆಂಬ ಧೈರ್ಯ ಊರಿನ ತಾಯಿತಂದೆಗೂ ಇರುತ್ತದೆ.

ಕೊರತೆಗಳು ಕಾಣಿಸಿಕೊಳ್ಳುವುದು ಆಮೇಲೆ. ಮೊದಲನೆಯದು ಜಾಗ. ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ನಾಲ್ಕೈದು ಜನರಿರುವಲ್ಲಿ ರಾತ್ರಿ ದೀಪ ಹಚ್ಚಿಟ್ಟು ಓದುವುದೇ ಕಷ್ಟ. ಅದರಿಂದ ಮನೆಯವರ ನಿದ್ದೆಯೂ ಕೆಡುತ್ತದೆ. ಎರಡನೆಯದು ಹೇಳದೆ ಉಳಿದ ಲೆಕ್ಕ. ಖರ್ಚಿನ ಮಾತೆತ್ತಿದರೆ ನೆಂಟಸ್ತಿಕೆಗೆ ಕುಂದು ಎಂಬ ಭಾವನೆಯಿಂದ ಇಬ್ಬರೂ ಸುಮ್ಮನಿರುತ್ತಾರೆ. ಆ ಮೌನದಲ್ಲಿ ವಿದ್ಯಾರ್ಥಿ ನೀರು ಹಿಡಿಯುವವನೂ ಸಾಮಾನು ತರುವವನೂ ಮನೆಯ ಮಕ್ಕಳಿಗೆ ಪಾಠ ಹೇಳುವವನೂ ಆಗುತ್ತಾನೆ. ಬೇಡವೆನ್ನಲು ಬಾಯಿ ಬರುವುದಿಲ್ಲ. ಮೂರನೆಯದು ಹುಡುಗಿಯರ ಪಾಡು. ಅದೇ ಮನೆಯಲ್ಲಿ ಹುಡುಗನಿಗೆ ಪರೀಕ್ಷೆಯ ಹೆಸರಿನಲ್ಲಿ ಸಿಗುವ ವಿನಾಯಿತಿ ಹುಡುಗಿಗೆ ಅಡುಗೆಮನೆಯಲ್ಲಿ ಸಿಗುವುದು ಅಪರೂಪ. ಸಂಜೆಯ ಗ್ರಂಥಾಲಯವೂ ಎಷ್ಟೋ ಸಲ ಅವಳ ಕೈ ತಪ್ಪುತ್ತದೆ. ರೂಢಿಯ ಅತ್ಯಂತ ದೊಡ್ಡ ದೋಷ ಇದೇ.

ಈ ದೋಷಗಳಿಗೆ ಆಶ್ರಯ ಕೊಟ್ಟವರ ಕೆಟ್ಟತನ ಕಾರಣವಲ್ಲ. ತಮ್ಮ ಇಕ್ಕಟ್ಟಿನಲ್ಲೇ ಜಾಗ ಮಾಡಿಕೊಟ್ಟವರ ಔದಾರ್ಯ ದೊಡ್ಡದು. ಕಾರಣ ಇರುವುದು ಮಾತಾಡಿಕೊಳ್ಳದಿರುವುದರಲ್ಲಿ. ಎಷ್ಟು ದಿನ ಇರುವುದು, ಊಟದ ಖರ್ಚಿಗೆ ಊರಿನಿಂದ ಏನು ಬರುತ್ತದೆ, ಯಾವ ಕೆಲಸ ಯಾರದು, ಓದಿನ ಹೊತ್ತು ಯಾವುದು ಎಂಬ ನಾಲ್ಕು ಮಾತುಗಳನ್ನು ಹಿರಿಯರು ಮೊದಲೇ ಆಡಿಕೊಂಡರೆ ಅನ್ನದ ಋಣ ಹೊರೆಯಾಗುವುದಿಲ್ಲ. ಬಂಧುಗಳ ಮನೆ ನಗರದ ಮೊದಲ ವರ್ಷಕ್ಕೆ ಎಲ್ಲಕ್ಕಿಂತ ಒಳ್ಳೆಯ ಆಸರೆ. ಓದಿನ ಪೂರ್ತಿ ಅವಧಿಗೆ, ಅದರಲ್ಲೂ ಹುಡುಗಿಯರಿಗೆ, ಸುರಕ್ಷಿತವಾದ, ಕೈಗೆಟಕುವ ವಿದ್ಯಾರ್ಥಿನಿಲಯವೇ ಸರಿಯಾದ ನೆಲೆ.